ಮುದ್ದೆ ನುಂಗುವ ಗಂಟಲಿಗೆ ಎಷ್ಟು ಗ್ರೇ?

ನಮ್ಮ ಚಿಕ್ಕಪ್ಪನಿಗೆ ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ಇದೆ ಎಂದು ಗೊತ್ತಾದ ಮೇಲೆ ಆಸ್ಪತ್ರೆಯಲ್ಲಿ ‘ಕರೆಂಟ್ ಕೊಡಬೇಕು, 35 ಸಿಟಿಂಗ್’ ಎಂದರು. ನಮ್ಮ ಊರುಗಳಲ್ಲಿ ರೇಡಿಯೇಶನ್ನಿಗೆ ಕರೆಂಟ್ ಎಂದೇ ಹೆಸರು. ಅವತ್ತು ಕೈಗೊಂದು ಜೆರಾಕ್ಸ್ ಹಾಳೆ ಕೊಟ್ಟರು. ಬಾಯಿ ಹುಣ್ಣಾಗಬಹುದು, ಬಾಯಿ ಒಣಗಬಹುದು, ರುಚಿ ಹೋಗಬಹುದು, ನುಂಗಲು ಕಷ್ಟವಾಗಬಹುದು, ಕತ್ತಿನ ಚರ್ಮ ಕಪ್ಪಾಗಬಹುದು, ಹಲ್ಲು ಹಾಳಾಗಬಹುದು, ದವಡೆ ಬಿಗಿಯಬಹುದು, ದನಿ ಬದಲಾಗಬಹುದು. ಹಾಳೆಯ ತುಂಬ ‘ಬಹುದು’ಗಳೇ. ಚಿಕ್ಕಪ್ಪ ಅದನ್ನು ಎರಡು ಸಲ ಓದಿದರು, ಮಡಚಿ ಜೇಬಿಗಿಟ್ಟುಕೊಂಡರು. ಆಮೇಲೆ ಕೇಳಿದ್ದು ಒಂದೇ ಮಾತು: "ಇದ್ರಲ್ಲಿ ನನಗೆ ಯಾವ್ದು ಆಗುತ್ತೆ ಡಾಕ್ಟ್ರೇ?"

"ಎಲ್ರಿಗೂ ಒಂದೇ ಥರ ಆಗಲ್ಲ ಯಜಮಾನ್ರೇ. ಶುರು ಮಾಡೋಣ, ನೋಡ್ಕೊಂಡು ಹೋಗೋಣ."

ಡಾಕ್ಟರು ಒಳ್ಳೆಯವರು. ಹೊರಗೆ ಅರವತ್ತು ಜನ ಕಾಯುತ್ತಿದ್ದರು. ಅವರು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಆದರೆ ಚಿಕ್ಕಪ್ಪನ ಪ್ರಶ್ನೆ ಆ ಹಾಳೆಗಿಂತ ದೊಡ್ಡದಾಗಿತ್ತು. ಆ ಪ್ರಶ್ನೆಗೆ ಇವತ್ತು ಸುಮಾರಾಗಿ ಉತ್ತರ ಕೊಡಬಹುದು ಎಂಬುದು ನನಗೆ ತಿಳಿದದ್ದು ಅವರ ಚಿಕಿತ್ಸೆ ಮುಗಿದ ಮೇಲೆ. ಅದಕ್ಕೇ ಈ ಬರಹ.

ಚಿಕ್ಕಪ್ಪ ತಿಪಟೂರು ಕಡೆಯವರು. ಎರಡು ಹೊತ್ತೂ ಮುದ್ದೆ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗುವುದು. ಆ ಒಂದು ತುತ್ತು ಒಳಗಿಳಿಯಲು ಏನೆಲ್ಲ ಬೇಕು ಎಂದು ನಾನು ಯೋಚಿಸಿದ್ದು ಐದನೇ ವಾರದಲ್ಲಿ. ಗೋಲಿಯಷ್ಟು ಮುದ್ದೆಯನ್ನು ಬಾಯಿಗಿಟ್ಟ ಚಿಕ್ಕಪ್ಪ ಕಣ್ಣಲ್ಲಿ ನೀರು ತುಂಬಿಕೊಂಡು ಅದನ್ನು ಮತ್ತೆ ತಟ್ಟೆಗೇ ಹಾಕಿದರು. ನಾಲಿಗೆ ತುತ್ತನ್ನು ಹಿಂದಕ್ಕೆ ತಳ್ಳಬೇಕು. ಜೊಲ್ಲು ಅದನ್ನು ಜಾರಿಸಬೇಕು. ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳಬೇಕು. ಗಂಟಲ ಹಿಂಗೋಡೆಯಲ್ಲಿ ಒಂದರ ಕೆಳಗೊಂದು ಇರುವ ಮೂರು ಹಿಂಡುವ ಸ್ನಾಯುಗಳು ಮೇಲಿನಿಂದ ಕೆಳಕ್ಕೆ ಸರದಿಯಂತೆ ಹಿಂಡಬೇಕು. ಇಷ್ಟೂ ಒಂದೆರಡು ಕ್ಷಣದಲ್ಲಿ. ನಾಲಿಗೆಯ ಬುಡಕ್ಕೆ ಗುರಿಯಿಟ್ಟ ಕಿರಣ ಹಾದುಹೋಗುವುದು ಇದೇ ಸ್ನಾಯುಗಳ, ಇದೇ ಜೊಲ್ಲು ಗ್ರಂಥಿಗಳ ನಡುವೆ.

ವಿಕಿರಣವನ್ನು ಅಳೆಯುವ ಮಾನ ಗ್ರೇ. ಒಂದು ಕಿಲೋ ಅಂಗಾಂಶ ಒಂದು ಜೂಲ್ ಶಕ್ತಿಯನ್ನು ಹೀರಿಕೊಂಡರೆ ಅದು ಒಂದು ಗ್ರೇ. ತಲೆ ಮತ್ತು ಕತ್ತಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಿಲ್ಲದೆ ರೇಡಿಯೇಶನ್ನಿನಿಂದಲೇ ಗುಣಪಡಿಸಲು ಹೊರಟಾಗ ಸಾಮಾನ್ಯವಾಗಿ ಕೊಡುವುದು 70 ಗ್ರೇ. ದಿನಕ್ಕೆ 2 ಗ್ರೇಯಂತೆ, ವಾರಕ್ಕೆ ಐದು ದಿನ, ಏಳು ವಾರ. ಹಾಗೆ ಹಂಚಿ ಕೊಡುವುದಕ್ಕೆ ಕಾರಣವಿದೆ. ಕಿರಣ ಬಿದ್ದಲ್ಲೆಲ್ಲ ಜೀವಕೋಶಗಳ ಡಿಎನ್‌ಎ ತುಂಡಾಗುತ್ತದೆ. ಒಳ್ಳೆಯ ಕೋಶಗಳು ಮರುದಿನದೊಳಗೆ ಬಹುಪಾಲು ರಿಪೇರಿ ಮಾಡಿಕೊಳ್ಳುತ್ತವೆ, ಕ್ಯಾನ್ಸರ್ ಕೋಶಗಳಿಗೆ ಅಷ್ಟು ಚೆನ್ನಾಗಿ ಆಗುವುದಿಲ್ಲ. ಈ ಅಂತರವೇ ಚಿಕಿತ್ಸೆಯ ಬಂಡವಾಳ.

ಆದರೆ ಒಳ್ಳೆಯ ಅಂಗಾಂಶಗಳೂ ಎಲ್ಲ ಒಂದೇ ಥರ ತಡೆದುಕೊಳ್ಳುವುದಿಲ್ಲ, ಒಂದೇ ಹೊತ್ತಿಗೆ ಸೋಲುವುದೂ ಇಲ್ಲ. ಬಾಯಿಯ ಒಳಪದರ ಎರಡು ವಾರಕ್ಕೊಮ್ಮೆ ಹೊಸದಾಗುತ್ತಲೇ ಇರುತ್ತದೆ. ಹಳೆಯದು ಉದುರಿ ಹೊಸದು ಬರದೆ ಹೋದಾಗ ಹುಣ್ಣು. ಹಾಗಾಗಿ ಹುಣ್ಣು ಏಳುವುದು ಎರಡು ಮೂರನೇ ವಾರದಲ್ಲಿ. ಕೊನೆಯ ವಾರಗಳಲ್ಲಿ ಅದು ತೀರಾ ಹೆಚ್ಚು. ಮುಗಿದ ಮೇಲೂ ಒಂದೆರಡು ವಾರ ಹಾಗೇ ಇದ್ದು ಆಮೇಲೆ ಮಾಯಲು ಶುರು. ಜೊಲ್ಲು ಮಾತ್ರ ಮೊದಲ ವಾರದಿಂದಲೇ ಇಳಿಯುತ್ತದೆ. ದವಡೆ ಬಿಗಿಯುವುದು, ಥೈರಾಯ್ಡ್ ಸೋಲುವುದು, ದವಡೆ ಮೂಳೆ ಸಾಯುವುದು ತಿಂಗಳು ಅಥವಾ ವರ್ಷಗಳ ನಂತರದ ಮಾತು. ಐದನೇ ವಾರ ಚಿಕ್ಕಪ್ಪ "ಸಾಕು, ಇನ್ನು ನಾನು ಬರಲ್ಲ" ಎಂದು ಮಂಚ ಬಿಟ್ಟು ಏಳಲಿಲ್ಲ. ಎರಡು ಸಿಟಿಂಗ್ ತಪ್ಪಿತು. ಮಧ್ಯದಲ್ಲಿ ಬಿಟ್ಟರೆ ಉಳಿದ ಕ್ಯಾನ್ಸರ್ ಕೋಶಗಳು ಮತ್ತೆ ಬೆಳೆಯಲು ಅವಕಾಶ ಸಿಗುತ್ತದೆ, ಈ ಕ್ಯಾನ್ಸರಿನಲ್ಲಿ ಒಂದೊಂದು ದಿನವೂ ಲೆಕ್ಕಕ್ಕೆ ಬರುತ್ತದೆ. ಈ ವಾರ ಹೀಗಿರುತ್ತದೆ, ಇಷ್ಟು ದಿನಕ್ಕೆ ಇಳಿಯುತ್ತದೆ ಎಂದು ಮೊದಲೇ ಗೊತ್ತಿದ್ದರೆ ಅವರು ಎದ್ದು ಬರುತ್ತಿದ್ದರು ಎಂದು ನಾನು ಈಗಲೂ ನಂಬಿದ್ದೇನೆ.

ಯಾವ ಅಂಗ ಎಷ್ಟು ಗ್ರೇ ತಡೆದೀತು ಎಂಬ ಲೆಕ್ಕ ಹಳೆಯದು. 1991ರಲ್ಲಿ ಎಮಾಮಿ ಎಂಬ ವೈದ್ಯರೂ ಅವರ ಸಂಗಡಿಗರೂ ಅಂಗಾಂಗಗಳ ಒಂದು ಕೋಷ್ಟಕ ಪ್ರಕಟಿಸಿದರು. ಇಷ್ಟು ಗ್ರೇ ಬಿದ್ದರೆ ಐದು ವರ್ಷದೊಳಗೆ ನೂರರಲ್ಲಿ 5 ಮಂದಿಗೆ ತೊಂದರೆ, ಇಷ್ಟು ಬಿದ್ದರೆ 50 ಮಂದಿಗೆ, ಎಂಬಂತೆ. ಅದರಲ್ಲಿ ಬಹಳಷ್ಟು ಅನುಭವಿ ವೈದ್ಯರ ಅಂದಾಜು. ಬೇರೆ ಆಧಾರವೇ ಆಗ ಕಡಿಮೆಯಿತ್ತು. 2010ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ ಅದೇ ಕೆಲಸವನ್ನು ಮತ್ತೆ ಮಾಡಿದರು. ಕ್ವಾಂಟೆಕ್ ಎಂಬ ಆ ವರದಿಗಳ ಗುಚ್ಛ ಇವತ್ತಿಗೂ ಬಹಳಷ್ಟು ರೇಡಿಯೇಶನ್ ವಿಭಾಗಗಳ ಗೋಡೆಯಲ್ಲೋ ಕಂಪ್ಯೂಟರಿನಲ್ಲೋ ಇರುತ್ತದೆ.

ಇಲ್ಲಿ ಒಂದು ವಿಷಯ ಚೆನ್ನಾಗಿ ಅರ್ಥವಾಗಬೇಕು, ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ಬೆನ್ನುಹುರಿ ನಾಲೆಯಿದ್ದಂತೆ. ಒಂದು ಕಡೆ ಒಡೆದರೆ ಸಾಕು, ಕೊನೆಯ ಭಾಗದ ಗದ್ದೆಗಳಿಗೆ ನೀರೇ ಇಲ್ಲ. ಅದರ ಯಾವ ಬಿಂದುವಿನಲ್ಲೂ ಡೋಸ್ ಮಿತಿ ಮೀರಬಾರದು. 50 ಗ್ರೇಯ ಒಳಗಿದ್ದರೆ ಅಪಾಯ ಸಾವಿರಕ್ಕೆ ಎರಡರ ಆಸುಪಾಸು ಎನ್ನುತ್ತದೆ ಕ್ವಾಂಟೆಕ್. ಆದರೆ ಕಿವಿಯ ಕೆಳಗೆ ಎರಡೂ ಕೆನ್ನೆಯ ಹಿಂಭಾಗದಲ್ಲಿರುವ ಪೆರೋಟಿಡ್ ಎಂಬ ಜೊಲ್ಲು ಗ್ರಂಥಿ ಸಣ್ಣ ಸಣ್ಣ ಮಡಿಗಳ ಗದ್ದೆಯಿದ್ದಂತೆ. ನಾಲ್ಕು ಮಡಿ ಒಣಗಿದರೂ ಉಳಿದವು ಫಸಲು ಕೊಡುತ್ತವೆ. ಅಲ್ಲಿ ಮುಖ್ಯವಾಗುವುದು ಒಟ್ಟು ಗ್ರಂಥಿಗೆ ಬಿದ್ದ ಸರಾಸರಿ. 1999ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ತಂಡ ರೋಗಿಗಳ ಜೊಲ್ಲನ್ನು ನಿಜವಾಗಿಯೂ ಹಿಡಿದು ಅಳೆದು ಆ ಸರಾಸರಿಯ ಗೆರೆಯನ್ನು ಗುರುತಿಸಿತು, ಸುಮಾರು 26 ಗ್ರೇ. ಅದಕ್ಕಿಂತ ಕಡಿಮೆ ಬಿದ್ದ ಗ್ರಂಥಿಗಳು ತಿಂಗಳುಗಳು ಕಳೆದಂತೆ ಚೇತರಿಸಿಕೊಂಡವು. ಹೆಚ್ಚು ಬಿದ್ದವು ಬಹುಮಟ್ಟಿಗೆ ಒಣಗಿಯೇ ಉಳಿದವು. ಎರಡರಲ್ಲಿ ಒಂದನ್ನಾದರೂ 20 ಗ್ರೇ ಒಳಗೆ ಉಳಿಸಿದರೆ ತೀವ್ರ ಒಣಬಾಯಿಯನ್ನು ಸಾಮಾನ್ಯವಾಗಿ ತಪ್ಪಿಸಬಹುದು ಎಂಬುದು ಕ್ವಾಂಟೆಕ್‌ನ ಸಲಹೆ.

ಇದು ಬರೀ ಕಾಗದದ ಲೆಕ್ಕವಾಗಿ ಉಳಿಯಲಿಲ್ಲ. ಬ್ರಿಟನ್ನಿನ ಪಾರ್‌ಸ್ಪೋರ್ಟ್ ಪ್ರಯೋಗದಲ್ಲಿ 94 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಹಳೆಯ ಕ್ರಮದ ರೇಡಿಯೇಶನ್. ಇನ್ನೊಂದಕ್ಕೆ ಪೆರೋಟಿಡನ್ನು ತಪ್ಪಿಸಿ ಸುತ್ತಿಹೋಗುವಂತೆ ಕಿರಣವನ್ನು ತಿದ್ದುವ ಐಎಂಆರ್‌ಟಿ. 2011ರಲ್ಲಿ ಫಲಿತಾಂಶ ಬಂತು. ಒಂದು ವರ್ಷದ ನಂತರ ಹಳೆಯ ಕ್ರಮದವರಲ್ಲಿ ನೂರಕ್ಕೆ 74 ಮಂದಿಗೆ ಗಣನೀಯ ಒಣಬಾಯಿ, ಐಎಂಆರ್‌ಟಿಯವರಲ್ಲಿ 38. ಯಾವ ಗ್ರಂಥಿಗೆ ಎಷ್ಟು ಬಿದ್ದರೆ ಏನಾಗುತ್ತದೆ ಎಂದು ಮೊದಲೇ ಅಳೆದಿಟ್ಟವರು ಇದ್ದುದರಿಂದ ಆ ವ್ಯತ್ಯಾಸ ಸಾಧ್ಯವಾಯಿತು. ಗ್ರಂಥಿಯ ಒಳಗೂ ಎಲ್ಲ ಜಾಗ ಒಂದೇ ಅಲ್ಲ. ನೆದರ್‌ಲೆಂಡ್ಸಿನ ಗ್ರೋನಿಂಗನ್ ತಂಡ 2015ರಲ್ಲಿ ತೋರಿಸಿದಂತೆ, ಪೆರೋಟಿಡಿನ ದೊಡ್ಡ ನಾಳಗಳ ಬಳಿ ಕಾಂಡಕೋಶಗಳು ಒತ್ತಾಗಿವೆ. ಆ ಸಣ್ಣ ಭಾಗಕ್ಕೆ ಬೀಳುವ ಡೋಸ್ ಮುಂದೆ ಜೊಲ್ಲು ಮರಳುತ್ತದೆಯೇ ಇಲ್ಲವೇ ಎಂಬುದನ್ನು ಬಹಳಮಟ್ಟಿಗೆ ತೀರ್ಮಾನಿಸುತ್ತದೆ. ಬಿತ್ತನೆ ಬೀಜ ಉಳಿದರೆ ಮುಂದಿನ ಬೆಳೆ.

ಈ ಅಳತೆಗಳನ್ನೆಲ್ಲ ಸೇರಿಸಿ ಒಬ್ಬ ರೋಗಿಗೆ ಒಂದು ಅಂಕಿ ಕೊಡುವ ಸೂತ್ರಕ್ಕೆ ವೈದ್ಯರು ಎನ್‌ಟಿಸಿಪಿ ಎನ್ನುತ್ತಾರೆ. ಆರೋಗ್ಯವಾಗಿರುವ ಅಂಗಾಂಶಕ್ಕೆ ತೊಂದರೆಯಾಗುವ ಸಂಭವ ಎಂದು ಅದರ ಅರ್ಥ. ಇದನ್ನು ಚಿಕಿತ್ಸೆಯ ತೀರ್ಮಾನಕ್ಕೇ ಅಳವಡಿಸಿಕೊಂಡ ದೇಶ ನೆದರ್‌ಲೆಂಡ್ಸ್. ಅಲ್ಲಿ ಒಬ್ಬ ರೋಗಿಗೆ ಎರಡು ಯೋಜನೆ ತಯಾರಿಸುತ್ತಾರೆ, ಮಾಮೂಲಿ ಎಕ್ಸ್‌ರೇ ಕಿರಣದ್ದು ಒಂದು, ಪ್ರೋಟಾನ್ ಕಿರಣದ್ದು ಒಂದು. ಪ್ರೋಟಾನ್ ಗುರಿ ಮುಟ್ಟಿದ ಮೇಲೆ ನಿಂತುಬಿಡುತ್ತದೆ, ಹಿಂದಿನ ಅಂಗಗಳಿಗೆ ಹೋಗುವುದು ತೀರಾ ಕಡಿಮೆ. ಆದರೆ ದುಬಾರಿ, ಯಂತ್ರಗಳೂ ಕಡಿಮೆ. ಉದಾಹರಣೆಗೆ ಎಂದು ಇಟ್ಟುಕೊಳ್ಳೋಣ: ಒಬ್ಬರಿಗೆ ಮಾಮೂಲಿ ಯೋಜನೆಯಲ್ಲಿ ಒಣಬಾಯಿಯ ಸಂಭವ ನೂರಕ್ಕೆ 45, ಪ್ರೋಟಾನಿನಲ್ಲಿ 30. ವ್ಯತ್ಯಾಸ 15. ಇಂಥ ತೊಂದರೆಯಲ್ಲಿ ವ್ಯತ್ಯಾಸ 10 ದಾಟಿದರೆ ಪ್ರೋಟಾನಿಗೆ ಅರ್ಹತೆ. ಇನ್ನೊಬ್ಬರಿಗೆ ವ್ಯತ್ಯಾಸ 3 ಬಂದರೆ ಅವರಿಗೆ ಮಾಮೂಲಿಯೇ, ಅವರಿಗೆ ಅದರಿಂದ ಹೆಚ್ಚಿನ ನಷ್ಟವೂ ಇಲ್ಲ. ಗ್ರೋನಿಂಗನ್ನಿನ ವೈದ್ಯ ಲಾಂಗೆನ್‌ಡೈಕ್ ಮತ್ತು ಸಂಗಡಿಗರು 2013ರಲ್ಲಿ ಈ ಕ್ರಮವನ್ನು ಮುಂದಿಟ್ಟರು. 2018ರಿಂದ ಅಲ್ಲಿ ಪ್ರೋಟಾನ್ ಚಿಕಿತ್ಸೆ ನಡೆಯುತ್ತಿದೆ. ದುಡ್ಡಿದ್ದವರಿಗೆ ದೊಡ್ಡ ಯಂತ್ರ ಎನ್ನುವ ಬದಲು ಯಾರಿಗೆ ಲಾಭ ಹೆಚ್ಚೋ ಅವರಿಗೆ ಎನ್ನುವುದು ನನಗೆ ಬಹಳ ನ್ಯಾಯವಾಗಿ ಕಾಣುತ್ತದೆ. ಚೆನ್ನೈಯಲ್ಲಿ 2019ರಿಂದ ಪ್ರೋಟಾನ್ ಕೇಂದ್ರವಿದೆ, ಆಮೇಲೆ ಮುಂಬೈಯ ಟಾಟಾ ಸಂಸ್ಥೆಯಲ್ಲೂ ಬಂದಿದೆ. ಇಡೀ ದೇಶದ ರೋಗಿಗಳ ಎದುರು ಇದು ಅಂಗೈಯಗಲದ ನೆರಳು. ಆ ನೆರಳು ಯಾರಿಗೆ ಎಂಬುದನ್ನು ಇಂಥ ಲೆಕ್ಕವೇ ಹೇಳಬೇಕು.

ಆ ಡಚ್ ಸೂತ್ರಗಳೊಳಗೆ ಏನಿದೆ ಎಂದು ನೋಡಿದಾಗ ನನಗೆ ಆಶ್ಚರ್ಯವಾಯಿತು. ಗ್ರಂಥಿಗಳಿಗೆ, ಬಾಯಿಗೆ, ನುಂಗುವ ಸ್ನಾಯುಗಳಿಗೆ ಬಿದ್ದ ಡೋಸ್ ಇದೆ, ಗಡ್ಡೆ ಎಲ್ಲಿದೆ ಎಂಬುದಿದೆ. ಅವುಗಳ ಜೊತೆಗೆ, ಚಿಕಿತ್ಸೆಗೆ ಮುಂಚೆಯೇ ನಿಮ್ಮ ಬಾಯಿ ಒಣಗುತ್ತಿತ್ತೇ, ನುಂಗಲು ಆಗಲೇ ಕಷ್ಟವಿತ್ತೇ ಎಂಬ ಎರಡು ಸರಳ ಪ್ರಶ್ನೆಗಳಿಗೂ ದೊಡ್ಡ ತೂಕವಿದೆ. ಇದಕ್ಕೆ ಯಂತ್ರ ಬೇಡ, ಖರ್ಚಿಲ್ಲ. ಒಬ್ಬರು ಎದುರಿಗೆ ಕುಳಿತು ಕೇಳಬೇಕು, ಉತ್ತರವನ್ನು ಬರೆದಿಡಬೇಕು. ಚಿಕ್ಕಪ್ಪನನ್ನು ಯಾರೂ ಕೇಳಿರಲಿಲ್ಲ. ಅವರಿಗೆ ಎರಡು ತಿಂಗಳಿಂದ ಮುದ್ದೆ ಗಂಟಲಲ್ಲಿ ನಿಂತಂತಾಗುತ್ತಿತ್ತು, ಮೇಲೆ ಒಂದು ಲೋಟ ಮಜ್ಜಿಗೆ ಕುಡಿದು ಇಳಿಸುತ್ತಿದ್ದರು. ಚಿಕ್ಕಮ್ಮನಿಗೆ ಗೊತ್ತಿತ್ತು, ಫೈಲಿನಲ್ಲಿ ಇರಲಿಲ್ಲ.

ನುಂಗುವ ಸ್ನಾಯುಗಳ ಕಡೆ ಗಮನ ಹರಿದದ್ದು ಜೊಲ್ಲಿನ ನಂತರ. ಬ್ರಿಟನ್ ಮತ್ತು ಐರ್ಲೆಂಡಿನ ಡಾರ್ಸ್ ಪ್ರಯೋಗದಲ್ಲಿ 112 ರೋಗಿಗಳು. ಅರ್ಧ ಜನರಿಗೆ ಆ ಹಿಂಡುವ ಸ್ನಾಯುಗಳಲ್ಲಿ ಕ್ಯಾನ್ಸರಿನ ಗುರಿಯಿಂದ ಹೊರಗುಳಿದ ಭಾಗಕ್ಕೆ ಬೀಳುವ ಸರಾಸರಿಯನ್ನು 50 ಗ್ರೇಯ ಕೆಳಗಿಳಿಸಲು ಪ್ರಯತ್ನಿಸಿದರು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ವರ್ಷದ ನಂತರ ಅವರೇ ಹೇಳಿಕೊಂಡ ನುಂಗುವಿಕೆ ಇನ್ನೊಂದು ಗುಂಪಿನವರದ್ದಕ್ಕಿಂತ ಚೆನ್ನಾಗಿತ್ತು. ಚಿಕ್ಕಪ್ಪನ ಪ್ಲ್ಯಾನಿನ ಪುಟ ಈಗಲೂ ನಮ್ಮ ಫೈಲಿನಲ್ಲಿದೆ. ಬೆನ್ನುಹುರಿ, ಮೆದುಳಕಾಂಡ, ಎರಡು ಪೆರೋಟಿಡ್, ದವಡೆ ಎಂದು ಸಾಲುಗಳಿವೆ. ನುಂಗುವ ಸ್ನಾಯುವಿನ ಸಾಲಿಲ್ಲ. ಸ್ಕ್ಯಾನಿನ ಚಿತ್ರದಲ್ಲಿ ಆ ಅಂಗದ ಗಡಿಯನ್ನು ಯಾರಾದರೂ ಗೆರೆ ಎಳೆದು ಗುರುತಿಸಿದ್ದರೆ ತಾನೇ ಅದಕ್ಕೆ ಎಷ್ಟು ಬಿತ್ತು ಎಂದು ಕಂಪ್ಯೂಟರು ಹೇಳುವುದು? ಒಬ್ಬ ರೋಗಿಯ ಎಲ್ಲ ಅಂಗಗಳಿಗೆ ಕೈಯಲ್ಲಿ ಗೆರೆ ಎಳೆಯಲು ಗಂಟೆಗಳು ಹಿಡಿಯುತ್ತವೆ. ಈಗ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಅದನ್ನು ನಿಮಿಷಗಳಲ್ಲಿ ಎಳೆದುಕೊಡುತ್ತವೆ, ವೈದ್ಯರು ತಿದ್ದಿದರಾಯಿತು. ಕೃತಕ ಬುದ್ಧಿಮತ್ತೆಯ ಬಗ್ಗೆ ಬರುವ ದೊಡ್ಡ ಮಾತುಗಳ ನಡುವೆ ಈ ಸಣ್ಣ ಕೆಲಸವೇ ನನಗೆ ಹೆಚ್ಚು ಮುಖ್ಯ ಅನ್ನಿಸುತ್ತದೆ.

ಡೋಸ್ ಒಂದೇ ಇದ್ದರೂ ಪರಿಣಾಮ ಒಂದೇ ಇರುವುದಿಲ್ಲ. ಪಕ್ಕಪಕ್ಕದ ಬೆಂಚಿನ ಇಬ್ಬರಲ್ಲಿ ಒಬ್ಬರು ಮೆತ್ತಗಿನ ಅನ್ನ ಉಣ್ಣುತ್ತಲೇ ಮುಗಿಸುತ್ತಾರೆ, ಇನ್ನೊಬ್ಬರಿಗೆ ನಾಲ್ಕನೇ ವಾರಕ್ಕೇ ಮೂಗಿನಲ್ಲಿ ಆಹಾರ ಇಳಿಸುವ ರೈಲ್ಸ್ ಟ್ಯೂಬ್. ಕೀಮೋ ಜೊತೆಗಿದ್ದರೆ ಹುಣ್ಣು ಹೆಚ್ಚು. ಬೀಡಿ ಸಿಗರೇಟು ಬಿಡದಿದ್ದರೆ ಹೆಚ್ಚು. ಅದರಾಚೆಗೂ ಏನೋ ಹುಟ್ಟಿನಿಂದ ಬಂದದ್ದು ಇದೆ. ಎಟಿಎಂ ಎಂಬ ಜೀನಿನ ಎರಡೂ ಪ್ರತಿಗಳು ಕೆಟ್ಟಿರುವ ಅಪರೂಪದ ರೋಗಿಗಳು ಮಾಮೂಲಿ ಪ್ರಮಾಣದ ವಿಕಿರಣವನ್ನು ತಡೆಯಲಾರರು ಎಂಬುದು ದಶಕಗಳಿಂದ ಗೊತ್ತು. ಉಳಿದವರಲ್ಲಿರುವ ಸಣ್ಣ ಸಣ್ಣ ವ್ಯತ್ಯಾಸ ಹುಡುಕಲು 2009ರಲ್ಲಿ ಹಲವು ದೇಶಗಳ ಸಂಶೋಧಕರು ರೇಡಿಯೋಜೀನೋಮಿಕ್ಸ್ ಎಂಬ ಹೆಸರಿನಲ್ಲಿ ಒಂದು ಕೂಟ ಕಟ್ಟಿದರು. ನಮ್ಮ ಮಣಿಪಾಲದಲ್ಲೂ ಇದರ ಕೆಲಸ ನಡೆದಿದೆ. 2012ರಲ್ಲಿ ಅಲ್ಲಿನ ತಂಡ ತಲೆ-ಕತ್ತಿನ ಕ್ಯಾನ್ಸರ್ ರೋಗಿಗಳ ರಕ್ತದ ಬಿಳಿಕಣಗಳಿಗೆ ಪ್ರಯೋಗಾಲಯದಲ್ಲಿ ವಿಕಿರಣ ಹಾಯಿಸಿ, ಡಿಎನ್‌ಎ ಎಲ್ಲೆಲ್ಲಿ ತುಂಡಾಗಿದೆಯೋ ಅಲ್ಲಿ ಹೊಳೆಯುವ ಚುಕ್ಕೆಗಳನ್ನು ಎಣಿಸಿತು. ಗಂಟೆಗಳು ಕಳೆದರೂ ಚುಕ್ಕೆ ಆರದೆ ಉಳಿದರೆ ರಿಪೇರಿ ನಿಧಾನವೆಂದು ಅರ್ಥ. ಅಂಥವರನ್ನು ಹುಣ್ಣು ಅತಿಯಾಗಿ ಏಳುವವರೆಂದು ಮೊದಲೇ ಗುರುತಿಸಲು ಈ ಎಣಿಕೆ ನೆರವಾಗಬಹುದು ಎಂಬುದು ಅವರ ನಿಲುವು. ಇಂಥ ರಕ್ತಪರೀಕ್ಷೆಗಳು ದಿನನಿತ್ಯದ ಚಿಕಿತ್ಸೆಗೆ ಇಳಿದಿಲ್ಲ, ಹಾದಿ ಮಾತ್ರ ಇದೇ.

ಈಗ ನನ್ನನ್ನು ಕಾಡುವ ಮಾತಿಗೆ ಬರುತ್ತೇನೆ. ಕಾಯುವ ಜಾಗದಲ್ಲಿ ಚಿಕ್ಕಪ್ಪನ ಪಕ್ಕ ಕೂರುತ್ತಿದ್ದ ಒಬ್ಬ ಹುಡುಗನಿಗೆ ಇನ್ನೂ ಮೂವತ್ತು ದಾಟಿರಲಿಲ್ಲ. ಕೆನ್ನೆಯ ಕ್ಯಾನ್ಸರ್, ಆಪರೇಷನ್ ಆಗಿತ್ತು. ಗುಟ್ಕಾ ಶುರುಮಾಡಿದ್ದು ಹೈಸ್ಕೂಲಿನಲ್ಲಂತೆ. ನರ್ಸ್ "ಮೂರು ಬೆರಳು ಬಾಯೊಳಗೆ ಇಡಪ್ಪ" ಎಂದರು. ಮಾಮೂಲಾಗಿ ನಮ್ಮ ಬಾಯಲ್ಲಿ ನಮ್ಮದೇ ಮೂರು ಬೆರಳು ಅಡ್ಡವಾಗಿ ಹಿಡಿಯಬೇಕು. ಅವನಿಗೆ ಒಂದು ಹಿಡಿಯಿತು, ಎರಡನೆಯದನ್ನು ಹಲ್ಲಿನ ಹತ್ತಿರ ತಂದು ಸುಮ್ಮನೆ ಕೈ ಇಳಿಸಿದ. ಬಾಯಿ 35 ಮಿಲಿಮೀಟರಿಗಿಂತ ಕಡಿಮೆ ತೆರೆದರೆ ದವಡೆ ಬಿಗಿದಿದೆ ಎಂದು ಲೆಕ್ಕ. ಅಡಿಕೆ ಜಗಿಯುವುದರಿಂದ ಕೆನ್ನೆಯ ಒಳಗೋಡೆ ನಾರುಕಟ್ಟಿ ಗಟ್ಟಿಯಾಗುವ ರೋಗವೊಂದಿದೆ. ಆಪರೇಷನ್ನಿಗೂ ರೇಡಿಯೇಶನ್ನಿಗೂ ಮುಂಚೆಯೇ ಅವನ ಬಾಯಿ ಅರ್ಧ ಮುಚ್ಚಿತ್ತು.

ಡಚ್ ಸೂತ್ರ ಈ ಹುಡುಗನಂಥವರನ್ನು ನೋಡಿ ಹುಟ್ಟಿದ್ದಲ್ಲ. ಪಶ್ಚಿಮದ ಸೂತ್ರಗಳು ಹುಟ್ಟಿದ್ದು ಹೆಚ್ಚಾಗಿ ಗಂಟಲಿನ ಕ್ಯಾನ್ಸರಿನವರಿಂದ, ಅದರಲ್ಲೂ ಎಚ್‌ಪಿವಿ ವೈರಸ್ಸಿನಿಂದ ಬಂದ ಕ್ಯಾನ್ಸರ್ ಅಲ್ಲಿ ಬಹಳ. ನಮ್ಮಲ್ಲಿ ಕೆನ್ನೆ, ವಸಡು, ನಾಲಿಗೆ. ಗ್ಲೋಬೋಕ್ಯಾನ್ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ತುಟಿ ಮತ್ತು ಬಾಯಿ ಕ್ಯಾನ್ಸರಿನ ಹೊಸ ರೋಗಿಗಳೇ ಸುಮಾರು 1.4 ಲಕ್ಷ. ಇವರಲ್ಲಿ ಬಹಳ ಮಂದಿ ಮೊದಲು ಆಪರೇಷನ್ ಆಗಿ, ತೊಡೆಯಿಂದಲೋ ಎದೆಯಿಂದಲೋ ಮಾಂಸ ತಂದು ಕೆನ್ನೆ ಮುಚ್ಚಿಸಿಕೊಂಡು, ಆಮೇಲೆ ರೇಡಿಯೇಶನ್ನಿಗೆ ಬರುತ್ತಾರೆ. ಒಂದು ಊರಿನಲ್ಲಿ ಹೊಲಿದ ಅಂಗಿಯನ್ನು ಇನ್ನೊಂದು ಊರಿನವರಿಗೆ ತೊಡಿಸಿದಂತೆ ಆ ಸೂತ್ರವನ್ನು ಇಲ್ಲಿ ಬಳಸಬಾರದು. ಸೂತ್ರ ನೂರಕ್ಕೆ 40 ಎಂದರೆ, ಅಂಥ ನೂರು ಮಂದಿ ನಮ್ಮವರಲ್ಲಿ ನಿಜವಾಗಿ 40ರ ಆಸುಪಾಸಿಗೆ ಆ ತೊಂದರೆ ಬರಬೇಕು. ಬಂತೇ ಇಲ್ಲವೇ ಎಂದು ತಿಳಿಯಲು ನಮ್ಮವರ ಬಾಯಿಯನ್ನು ಚಿಕಿತ್ಸೆಗೆ ಮುಂಚೆ, ಆರು ತಿಂಗಳಿಗೆ, ವರ್ಷಕ್ಕೆ ಅಳೆದು ಬರೆದಿಡಬೇಕು. ಕರ್ನಾಟಕದ ಕ್ಯಾನ್ಸರ್ ಆಸ್ಪತ್ರೆಗಳಿಗೆ ಬರುವ ಬಾಯಿ ಕ್ಯಾನ್ಸರ್ ರೋಗಿಗಳ ಸಂಖ್ಯೆ ಗ್ರೋನಿಂಗನ್ನಿನಂಥ ಊರಿಗೆ ಊಹಿಸಲೂ ಆಗದ್ದು. ನಮ್ಮಲ್ಲಿ ಕೊರತೆಯಿರುವುದು ಒಂದು ಸ್ಕೇಲು, ಒಂದು ನಮೂನೆ, ಮತ್ತು ಅದನ್ನು ತುಂಬಲು ಹತ್ತು ನಿಮಿಷ ಕೂರಬಲ್ಲ ಒಬ್ಬರದು.

ಮೊದಲೇ ಗೊತ್ತಾಗಿ ಏನು ಪ್ರಯೋಜನ, ಕೊಡುವ 70 ಗ್ರೇ ಕಡಿಮೆಯಾಗುತ್ತದೆಯೇ ಎಂದು ಯಾರಾದರೂ ಕೇಳಬಹುದು. ಗಡ್ಡೆಗೆ ಕೊಡುವುದು ಕಡಿಮೆಯಾಗುವುದಿಲ್ಲ, ಆಗಲೂ ಬಾರದು. ಆದರೆ ಸುತ್ತಲಿನ ಎಷ್ಟೋ ಬದಲಾಗುತ್ತದೆ. ದವಡೆ ಮೂಳೆಗೆ ಹೆಚ್ಚು ಡೋಸ್ ಬೀಳುವುದೆಂದು ಗೊತ್ತಿದ್ದರೆ ಉಳಿಯಲಾರದ ಹಲ್ಲುಗಳನ್ನು ಮೊದಲೇ ಕಿತ್ತು, ಗಾಯ ಮಾಯಲು ಬಿಟ್ಟು, ಆಮೇಲೆ ಕರೆಂಟ್ ಶುರು. ಕರೆಂಟ್ ಆದ ದವಡೆಯಲ್ಲಿ ಮುಂದೆಂದೋ ಹಲ್ಲು ಕಿತ್ತರೆ ಮೂಳೆ ಮಾಯದೆ ಸಾಯುವ ಅಪಾಯವಿದೆ. ನುಂಗುವ ತೊಂದರೆಯ ಸಂಭವ ಹೆಚ್ಚಿದ್ದವರಿಗೆ ಮೊದಲ ದಿನದಿಂದಲೇ ನುಂಗುವ ವ್ಯಾಯಾಮ ಕಲಿಸಬಹುದು. ತೂಕ ಇಳಿದು ಮೂಳೆ ಕಾಣುವವರೆಗೆ ಕಾಯದೆ ಟ್ಯೂಬಿನ ಮಾತನ್ನು ಮುಂಚೆಯೇ ಆಡಬಹುದು. ಹುಣ್ಣು ಜೋರಾಗುವವರಿಗೆ ಕಡಿಮೆ ಶಕ್ತಿಯ ಲೇಸರ್ ಇದೆ. ಮಣಿಪಾಲದ ತಂಡವೇ 221 ರೋಗಿಗಳಲ್ಲಿ, ಅರ್ಧ ಜನರಿಗೆ ನಿಜವಾದ ಲೇಸರ್, ಉಳಿದವರಿಗೆ ಬರೀ ತೋರಿಕೆಯದು ಹಿಡಿದು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತೀವ್ರ ಹುಣ್ಣೂ ನೋವೂ ಕಡಿಮೆಯಾಗಿದ್ದವು. ಎಲ್ಲರಿಗೂ ದಿನಾ ಲೇಸರ್ ಹಿಡಿಯಲು ಆಸ್ಪತ್ರೆಯಲ್ಲಿ ಜನ ಸಾಲದಿದ್ದರೆ, ಯಾರಿಗೆ ಮೊದಲು ಎಂದು ಗೊತ್ತಿರಬೇಡವೇ?

ಮೊದಲ ದಿನದ ಲೆಕ್ಕ ಕೊನೆಯವರೆಗೂ ನಿಲ್ಲುವುದಿಲ್ಲ ಎಂಬುದನ್ನೂ ಹೇಳಬೇಕು. ಚಿಕ್ಕಪ್ಪನ ಮುಖಕ್ಕೆ ಬಿಸಿ ನೀರಿನಲ್ಲಿ ಮೆತ್ತಗೆ ಮಾಡಿದ ಜಾಲರಿಯ ಪ್ಲಾಸ್ಟಿಕ್ ಹಾಳೆ ಒತ್ತಿ ಮಾಸ್ಕ್ ಮಾಡಿದ್ದರು. ಮೊದಲ ವಾರ ಅದನ್ನು ತೆಗೆದಾಗ ಹಣೆಯಲ್ಲಿ ಜೇನುಗೂಡಿನಂಥ ಅಚ್ಚು ಉಳಿಯುತ್ತಿತ್ತು. ಐದನೇ ವಾರಕ್ಕೆ ಅಚ್ಚಿಲ್ಲ, ಮಾಸ್ಕಿಗೂ ಕೆನ್ನೆಗೂ ನಡುವೆ ಬೆರಳು ಹೋಗುತ್ತಿತ್ತು. ತೂಕ ಇಳಿದು ಕತ್ತು ಸಣ್ಣಗಾದಂತೆ ಪೆರೋಟಿಡ್ ಗ್ರಂಥಿಗಳೂ ಕುಗ್ಗಿ ಒಳಕ್ಕೆ ಸರಿಯುತ್ತವೆ, ಅಂದರೆ ಡೋಸ್ ಹೆಚ್ಚಿರುವ ಕಡೆಗೆ. ಯಾರಿಗೆ ಹೀಗಾಗುತ್ತಿದೆಯೋ ಅವರಿಗೆ ನಡುವೆ ಮತ್ತೆ ಸ್ಕ್ಯಾನ್ ಮಾಡಿ ಪ್ಲ್ಯಾನ್ ತಿದ್ದಬೇಕು. ಅದನ್ನು ಮೊದಲು ಗಮನಿಸುವವರು ದಿನಾ ಮಾಸ್ಕ್ ತೊಡಿಸುವ ಟೆಕ್ನಿಷಿಯನ್ನರು ಮತ್ತು ಮನೆಯವರು. ಚಿಕ್ಕಮ್ಮ ಹೇಳಿದ್ದರಿಂದ ಚಿಕ್ಕಪ್ಪನಿಗೆ ಹೊಸ ಮಾಸ್ಕ್ ಆಯಿತು.

ಮಾಸ್ಕ್ ಮಾಡಿ ಸ್ಕ್ಯಾನ್ ತೆಗೆದ ದಿನಕ್ಕೂ ಮೊದಲ ಸಿಟಿಂಗಿಗೂ ನಡುವೆ ಸಾಮಾನ್ಯವಾಗಿ ಕೆಲವು ದಿನಗಳ ಬಿಡುವಿರುತ್ತದೆ. ಒಳಗೆ ಪ್ಲ್ಯಾನ್ ತಯಾರಾಗುವ ಹೊತ್ತು ಅದು. ‘ಇದರಲ್ಲಿ ನನಗೆ ಯಾವುದು’ ಎಂದು ಕೇಳಲು ಅದೇ ಸಮಯ. ಕೇಳುವವರಿಗೆ ಇನ್ನೂ ಎರಡು ಮಾತು ಜೊತೆಗಿರಲಿ: ನನ್ನ ಎರಡೂ ಪೆರೋಟಿಡಿಗೆ ಸರಾಸರಿ ಎಷ್ಟು ಬೀಳುತ್ತದೆ, ನುಂಗುವ ಸ್ನಾಯುವಿಗೆ ಗೆರೆ ಎಳೆದಿದ್ದೀರಾ. ಬಹಳ ವೈದ್ಯರು ಇದನ್ನು ಕೇಳಿದರೆ ಬೇಜಾರು ಮಾಡಿಕೊಳ್ಳುವುದಿಲ್ಲ, ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿ ತೋರಿಸುತ್ತಾರೆ.

ಚಿಕ್ಕಪ್ಪನ ಕರೆಂಟ್ ಮುಗಿದು ಈಗ ಮೂರು ವರ್ಷ. ಕ್ಯಾನ್ಸರ್ ಮರಳಿಲ್ಲ. ಎಡಗಡೆಯ ಪೆರೋಟಿಡ್ ಉಳಿದಿರಬೇಕು, ಊಟಕ್ಕೆ ಕೂತಾಗ ಬಾಯಿ ಒದ್ದೆಯಾಗುತ್ತದೆ. ಮುದ್ದೆಯನ್ನು ಚಿಕ್ಕಮ್ಮ ತೆಳ್ಳಗೆ, ಹೆಚ್ಚು ನೀರು ಬಿಟ್ಟು ತಿರುವುತ್ತಾರೆ, ಗೋಲಿಗಿಂತ ಸಣ್ಣ ತುತ್ತು, ಪ್ರತಿ ತುತ್ತಿಗೂ ಚಿಕ್ಕಪ್ಪ ಗದ್ದ ಎದೆಗೆ ತಾಗಿಸಿ ನುಂಗುತ್ತಾರೆ. ಒಂದು ಊಟಕ್ಕೆ ಮುಕ್ಕಾಲು ಗಂಟೆ. ರಾತ್ರಿ ಮಾತ್ರ ಬಾಯಿ ಅಂಟಿಕೊಂಡು ಎರಡು ಸಲ ಎಚ್ಚರವಾಗುತ್ತದೆ. ಏನೂ ತಿನ್ನದಿರುವ ಹೊತ್ತಿನಲ್ಲಿ ಬಾಯನ್ನು ಒದ್ದೆಯಿಡುವುದು ಪೆರೋಟಿಡ್ ಅಲ್ಲ, ದವಡೆಯ ಕೆಳಗಿರುವ ಇನ್ನೊಂದು ಜೋಡಿ ಗ್ರಂಥಿ. ಫೈಲಿನಲ್ಲಿ ಅದಕ್ಕೂ ಸಾಲಿಲ್ಲ. ಮಲಗುವ ಮುಂಚೆ ಚಿಕ್ಕಮ್ಮ ತಲೆದಿಂಬಿನ ಪಕ್ಕದ ಸ್ಟೂಲಿನ ಮೇಲೆ ಚೊಂಬಿನಲ್ಲಿ ನೀರಿಟ್ಟು, ಕತ್ತಲಲ್ಲಿ ಕೈಗೆ ಸಿಗುವಂತೆ ಅದನ್ನು ಒಂದು ಚೂರು ಹತ್ತಿರಕ್ಕೆ ಸರಿಸುತ್ತಾರೆ.